ಜೇನುಬಂಡೆಯ ಹಗ್ಗ

"ಇವತ್ತಿನಿಂದ ಈ ಜೇನುಬಂಡೆ ನನ್ನದು. ನನ್ನ ಅಪ್ಪಣೆಯಿಲ್ಲದೆ ಒಂದು ಹನಿಯೂ ಯಾರ ನಾಲಗೆಗೂ ತಾಗಬಾರದು," ಎಂದ ಪಾಳೆಯಗಾರ ಕೆಂಚರಸ ನಾಯಕ.

ಕಾಡಿನ ಹಾಡಿಯ ಜನ ನೆಲ ನೋಡಿದರು. ಜೇನು ಕೀಳುವುದು ಬಿಟ್ಟರೆ ಅವರಿಗೆ ಬೇರೆ ಕಸುಬಿಲ್ಲ. ಬಂಡೆ ಹೋದರೆ ಊಟ ಹೋಯಿತು.

ಜೇನುಗಾರ ಜಡಿಯ ತಲೆ ಕೆರೆದುಕೊಂಡ. "ಬಂಡೆ ನಮ್ಮದೇ ಅಲ್ಲ ಬುದ್ಧಿ. ಚೋರಜ್ಜನದು."

"ಯಾರವನು?"

"ನಮ್ಮ ದೇವರು. ಮೊದಲು ಜೇನೆಲ್ಲ ಕರಡಿಯದಾಗಿತ್ತು. ಗೇಣುದ್ದದ ಚೋರಜ್ಜ ಹೋಗಿ, 'ಕರಡಿರಾಯ, ಮೂಗಿಗೆ ಮಸಿ ಹತ್ತಿದೆ, ಕಾಡೆಲ್ಲ ನಗ್ತಿದೆ' ಅಂದ. ಕರಡಿ ಹೊಳೆಗೆ ಓಡಿತು. ಮೂಗು ಇನ್ನೂ ತೊಳೀತಾನೇ ಇದೆ. ಜೇನು ನಮಗೆ ಬಂತು."

ನಾಯಕ ಹೊಟ್ಟೆ ಹಿಡಿದು ನಕ್ಕ. "ಥೂ! ಕಳ್ಳನಿಗೆ ಕೈ ಮುಗೀತೀರಾ?"

"ಕತ್ತಿ ಹಿಡಿದ ದೇವರೆಲ್ಲ ನಿಮ್ಮ ಕೋಟೆಯೊಳಗಿದ್ದಾರೆ ಬುದ್ಧಿ. ನಮ್ಮಂಥವರಿಗೆ ಉಳಿದವನು ಇವನೊಬ್ಬ."

"ಸಾಕು ಹರಟೆ. ಜೇನು ಇಳಿಸು."

"ಇಳಿಸ್ತೀವಿ. ಆದರೆ ಚೋರಜ್ಜನ ಕಟ್ಟಳೆ ಒಂದಿದೆ. ಬಂಡೆಗೆ ಯಜಮಾನ ಆದವನು ಮೊದಲ ಜೇನುಹುಟ್ಟನ್ನು ತಾನೇ ಇಳಿದು ಕಿತ್ತು ತರಬೇಕು. ಆಮೇಲೇ ನಾವು ಇಳಿಯೋದು. ಭಯವಾದರೆ ಬೇಡಿ."

"ಭಯವೇ? ನನಗೇ? ತಾ ಹಗ್ಗ!"

ಸೊಂಟಕ್ಕೆ ಹಗ್ಗ ಬಿತ್ತು. ನಾಯಕ ಬಂಡೆಯ ಅಂಚಿಗೆ ಬಂದ. ಕೆಳಗೆ ನೂರಾಳುದ್ದದ ಪ್ರಪಾತ. "ಮೇಲೆ ಹಗ್ಗ ಹಿಡಿಯೋದು ಯಾರು?"

"ಇಳಿಯೋನ ಹೆಂಡತಿಯ ತಮ್ಮ. ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಅಕ್ಕನ ತಾಳಿ ಹೋಗಲಿ ಅಂತ ಯಾರು ತಾನೆ ಬಯಸ್ತಾನೆ?"

ನಾಯಕನ ಬಾಮೈದ ಹಂಪರಸ ಅಲ್ಲೇ ನಿಂತಿದ್ದ. ಹೋದ ವರ್ಷ ನಾಯಕ ಅವನ ಮೂರು ಹಳ್ಳಿ ನುಂಗಿದ್ದ. ಅಂದಿನಿಂದ ನಗದವನು ಇವತ್ತು ನಕ್ಕ. ಅಂಗೈಗೆ ಉಗುಳಿಕೊಂಡು ಹಗ್ಗ ಹಿಡಿದ.

"ಇಳೀರಿ ಭಾವ. ನಾನಿದ್ದೀನಲ್ಲ."

ನಾಯಕ ಪ್ರಪಾತ ನೋಡಿದ. ಬಾಮೈದನ ಹಲ್ಲು ನೋಡಿದ. ಮತ್ತೆ ಪ್ರಪಾತ ನೋಡಿದ.

"ಅಕ್ಕನಿಗೆ ಏನಾದರೂ ಹೇಳಬೇಕಾ ಭಾವ?"

ನಾಯಕ ಹಗ್ಗ ಬಿಚ್ಚಿ ಎಸೆದ. "ಹಾಳು ಬಂಡೆ! ನೀವೇ ಇಟ್ಟುಕೊಳ್ಳಿ."

ಜಡಿಯ ಅದೇ ಹಗ್ಗ ತನ್ನ ಸೊಂಟಕ್ಕೆ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ತನ್ನ ಬಾಮೈದ ಬೊಳ್ಳನ ಕೈಗೆ ಕೊಟ್ಟ. ಬೊಳ್ಳ ಎಲೆಅಡಿಕೆ ಜಗಿಯುತ್ತ ಆಕಾಶ ನೋಡುತ್ತಿದ್ದ.

ನಾಯಕನಿಗೆ ತಡೆಯಲಾಗಲಿಲ್ಲ. "ಲೋ ಜಡಿಯ, ಅವನು ಕೈ ಬಿಡಲ್ಲ ಅಂತ ಅದು ಹೇಗೋ ನಂಬ್ತೀಯ?"

ಜಡಿಯ ಪ್ರಪಾತಕ್ಕೆ ಕಾಲು ಇಳಿಬಿಟ್ಟ.

"ಅವನದು ನಾನೇನೂ ಕಿತ್ತುಕೊಂಡಿಲ್ಲ ಬುದ್ಧಿ."