ಒಬ್ಬನುಳಿದ ಕೆರೆ

ಕೋಲಾರದ ಸೀಮೆಯಲ್ಲಿ ಸೀಗೆಕುಂಟೆ ಎಂಬ ಊರಿದೆ. ಊರಿನ ಪಡುವಣಕ್ಕೆ, ಎರಡು ಬೋಳು ಬಂಡೆಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಕೆರೆಯನ್ನು ಜನ ಒಬ್ಬನುಳಿದ ಕೆರೆ ಎನ್ನುತ್ತಾರೆ. ಏರಿಯ ಮೇಲೆ ಈಗ ಡಾಂಬರು ಬಿದ್ದಿದೆ. ಟೊಮ್ಯಾಟೊ ಕ್ರೇಟು ಹೇರಿಕೊಂಡ ಟೆಂಪೊಗಳು ಮುಂಜಾನೆಯಿಂದಲೇ ಅದರ ಮೇಲೆ ಓಡಾಡುತ್ತವೆ. ನೀರಿನ ಅಂಚಿಗೆ ಜೊಂಡು ಬೆಳೆದಿದೆ, ನಡುವೆ ಹಳೆಯ ತೂಬಿನ ಎರಡು ಕಲ್ಲುಕಂಬ ನಿಂತಿವೆ, ಕಂಬದ ತಲೆಯ ಮೇಲೆ ಯಾವಾಗ ನೋಡಿದರೂ ಒಂದು ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಕೂತಿರುತ್ತದೆ. ಶಾಲೆಯ ಬೆಳ್ಳಿಹಬ್ಬದ ಪುಸ್ತಕದಲ್ಲಿ ಯಾರೋ ಮಹಾನುಭಾವರು, ಹಿಂದೆ ಪಾಳೆಯಗಾರರ ಕಾಳಗದಲ್ಲಿ ಒಬ್ಬನೇ ಸಿಪಾಯಿ ಬದುಕುಳಿದು ಈ ಕೆರೆ ಕಟ್ಟಿಸಿದನೆಂದು ಬರೆದುಬಿಟ್ಟಿದ್ದಾರೆ. ಊರಿನಲ್ಲಿ ಒಬ್ಬ ಮುದುಕಿಯನ್ನಾದರೂ ಕೇಳಿದ್ದರೆ ಇಂಥ ಬುರುಡೆ ಬಿಡುವ ಕಷ್ಟ ತಪ್ಪುತ್ತಿತ್ತು! ಕೆರೆ ಪಾಳೆಯಗಾರರದೇ ಇರಬಹುದು, ಹೆಸರು ಮಾತ್ರ ಅವರ ಕಾಲದ್ದಲ್ಲ. ಇಲ್ಲಿ ಉಳಿದವನು ಬದುಕಿದವನೂ ಅಲ್ಲ.

ಹಿಂದೆ ಒಮ್ಮೆ, ಲೋಕದ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಇದಕ್ಕೆ ಬರೀ ದೊಡ್ಡಕೆರೆ ಎಂದು ಹೆಸರಿತ್ತು. ಆಗ ಈ ಕೆರೆಯ ನೀರುಗಂಟಿ ಕದಿರಪ್ಪ. ನೀರುಗಂಟಿ ಎಂದರೆ ಕೆರೆಯ ನೀರನ್ನು ಗದ್ದೆಗದ್ದೆಗೂ ಸರದಿಯ ಪ್ರಕಾರ ಬಿಡುವವನು. ಊರಾಚೆಯ ಹಟ್ಟಿಯವನು, ಸ್ವಂತಕ್ಕೆ ಅಂಗೈ ಅಗಲ ಗದ್ದೆಯಿಲ್ಲದವನು. ಗದ್ದೆ ಇಲ್ಲದವನ ಕೈಯಲ್ಲಿ ತೂಬಿದ್ದರೆ ಪಕ್ಷಪಾತ ನಡೆಯದು ಎಂದು ಹಿರಿಯರು ಹಾಗೆ ಕಟ್ಟುಮಾಡಿದ್ದರು. ತೂಬಿನ ಬಾಯಿ ಮುಚ್ಚುವ ಗೂಟವನ್ನು ನೀರುಗಂಟಿಯ ಹೊರತು ಬೇರೆ ಯಾರೂ, ಪಟೇಲನೇ ಆಗಲಿ, ಮುಟ್ಟುವಂತಿಲ್ಲ. ಮುಟ್ಟಿದವನ ಮನೆಗೆ ಕೇಡು ತಪ್ಪದೆಂದು ನಂಬಿಕೆ. ಕೆರೆಗೆ ಬಿದ್ದವರನ್ನು ಮೇಲಕ್ಕೆ ತರುವುದೂ ನೀರುಗಂಟಿಯದೇ ಕೆಲಸ. ಕದಿರಪ್ಪ ತನ್ನ ಕಾಲದಲ್ಲಿ ಹನ್ನೊಂದು ಮಂದಿಯನ್ನು ಎತ್ತಿ ತಂದಿದ್ದ, ಒಬ್ಬರನ್ನೂ ನೀರಿನಲ್ಲಿ ಬಿಟ್ಟು ಮನೆಗೆ ಹೋದವನಲ್ಲ. ಅವನ ಹೆಗಲ ಮೇಲೆ ಸದಾ ಒಂದು ಕೆಂಪು ವಲ್ಲಿ ಇರುತ್ತಿತ್ತು. ದೂರದ ಕೊನೆಗದ್ದೆಯವರ ಕಣ್ಣಿಗೆ ಬೀಳಲೆಂದು ಹೆಂಡತಿ ಗಂಗುಲಮ್ಮ ಬಣ್ಣ ಹಾಕಿಕೊಟ್ಟದ್ದು. ಏರಿಯ ಮೇಲೆ ನಿಂತು ಅದನ್ನು ಮೇಲಕ್ಕೂ ಕೆಳಕ್ಕೂ ಬೀಸಿದರೆ 'ನೀರು ಬಿಟ್ಟಿದ್ದೇನೆ, ಬನ್ನಿ' ಎಂದರ್ಥ. ಅಡ್ಡಡ್ಡ ಬೀಸಿದರೆ 'ಸಾಕು, ನಿಲ್ಲಿಸಿ'. ಕೂಗಿದರೆ ಕೇಳಿಸದಷ್ಟು ದೂರಕ್ಕೆ ಆ ಬಟ್ಟೆಯೇ ಅವನ ಬಾಯಿ.

ಮಾಘ ಕಳೆಯಲು ನಾಲ್ಕು ದಿನವಿದ್ದ ಒಂದು ಬೆಳಗ್ಗೆ, ಬಿಸಿಲು ಏರಿದ ಹೊತ್ತಿನಲ್ಲಿ, ಕದಿರಪ್ಪ ಕೊನೆಗದ್ದೆಯವರಿಗೆ ವಲ್ಲಿ ಬೀಸುತ್ತಿದ್ದ. ಭತ್ತ ಹೊಡೆ ಕಟ್ಟುವ ಸಮಯ, ಒಂದು ಸರದಿ ತಪ್ಪಿದರೂ ಕಾಳು ಜೊಳ್ಳಾಗುವ ಸಮಯ. ಆಗ ಗುಡ್ಡದ ಹಿಂದಿನಿಂದ ಒಂದು ಬಾಂಬರ್ ವಿಮಾನ ಬಂತು. ಆ ವರ್ಷಗಳಲ್ಲಿ ವಿಮಾನ ಹೊಸದೇನಲ್ಲ. ಆದರೆ ಇದು ಮರದ ತಲೆ ಸವರುವಷ್ಟು ಕೆಳಗಿತ್ತು, ಒಂದು ರೆಕ್ಕೆಯಿಂದ ಕಪ್ಪು ಹೊಗೆ ಉಗುಳುತ್ತಿತ್ತು. ಬಂಡೆಗಳ ಮೇಲೆ ಒಂದು ಸುತ್ತು ಹಾಕಿತು. ಕದಿರಪ್ಪ ಬಾಯಿ ಬಿಟ್ಟುಕೊಂಡು ನೋಡುತ್ತಲೇ ನಿಂತ. ಕೈ ಮಾತ್ರ ತನ್ನ ಪಾಡಿಗೆ ತಾನು ವಲ್ಲಿಯನ್ನು ಮೇಲಕ್ಕೂ ಕೆಳಕ್ಕೂ ಬೀಸುತ್ತಲೇ ಇತ್ತು. ವಿಮಾನ ತಿರುಗಿ ನೇರ ಕೆರೆಯತ್ತ ಬಂತು. ಅದರ ಮೂತಿಯ ಗಾಜಿನೊಳಗೆ ಕೂತಿದ್ದ ಬಿಳಿಯ ಹುಡುಗನೊಬ್ಬ ಅವನ ಕಡೆಗೇ ನೋಡಿ ಕೈ ಎತ್ತಿದ. ಆಮೇಲೆ ನೀರು ಏರಿಗಿಂತ ಎತ್ತರಕ್ಕೆ ಎದ್ದು ಬಿತ್ತು. ಕದಿರಪ್ಪ ಈಜಿ ಹೋಗುವಷ್ಟರಲ್ಲಿ ಎಣ್ಣೆ, ಗುಳ್ಳೆ, ತೇಲುವ ಒಂದು ಟೋಪಿ ಬಿಟ್ಟು ಇನ್ನೇನೂ ಇರಲಿಲ್ಲ. ಮೂರಾಳು ನೀರಿನಲ್ಲಿ ಮತ್ತೆ ಮತ್ತೆ ಮುಳುಗಿದ. ಕೈಗೆ ತಗಡು ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಕಿವಿಯಿಂದ ರಕ್ತ ಬಂದ ಮೇಲೆ ಊರವರು ಅವನನ್ನು ಎಳೆದು ದಡಕ್ಕೆ ಹಾಕಿದರು.

ಮಾರನೆಯ ದಿನ ಲಾರಿಯಲ್ಲಿ ಒಬ್ಬ ಬಿಳಿಯ ಅಧಿಕಾರಿ ಬಂದ, ಜೊತೆಗೆ ಕನ್ನಡ ಬಲ್ಲ ಒಬ್ಬ ಗುಮಾಸ್ತ. ಅಧಿಕಾರಿ ನೀರನ್ನು ನೋಡಿದ, ಕೈಲಿದ್ದ ಪಟ್ಟಿ ನೋಡಿದ, ಟೋಪಿ ತೆಗೆದ. ಒಳಗೆ ಐದು ಜನ ಇದ್ದಾರೆ, ದೊಡ್ಡವನಿಗೆ ಇಪ್ಪತ್ತಾರು ವರ್ಷ ಎಂದು ಗುಮಾಸ್ತ ಹೇಳಿದ. ಮುಳುಗಿ ತೆಗೆಯುವವರು ದೂರದ ಬಂದರಿನಿಂದ ಬರಬೇಕು. ಯುದ್ಧದ ಗಡಿಬಿಡಿಯಲ್ಲಿ ಎಂದು ಬಂದಾರೋ, ಬರುವರೋ ಇಲ್ಲವೋ! ಆ ತಿಂಗಳಲ್ಲೇ ಇಂಥ ಏಳು ವಿಮಾನ ಹೋದವು ಹಿಂದಿರುಗಿಲ್ಲವಂತೆ. ಕಾಡಿನ ಮೇಲೋ ಸಮುದ್ರದ ಮೇಲೋ ಕಳೆದುಹೋದವು, ಎಲ್ಲಿ ಬಿದ್ದವೆಂದು ಹೇಳುವವರೂ ಇಲ್ಲ. "ಇವರದಾದರೂ ಜಾಗ ಗೊತ್ತಾಯಿತು ಅಂತಾರೆ ದೊರೆಗಳು" ಎಂದು ಗುಮಾಸ್ತ ಕನ್ನಡಕ್ಕೆ ತಿರುಗಿಸಿದ. ಲಾರಿ ಹೊರಟುಹೋಯಿತು. ಕೆರೆಗೆ ಏನೂ ಆಗಲಿಲ್ಲವಲ್ಲ ಎಂದು ಊರವರು ಒಳಗೊಳಗೇ ನಿಟ್ಟುಸಿರು ಬಿಟ್ಟರು. ಅವರನ್ನು ಬೈಯುವ ಹಾಗಿಲ್ಲ, ನೀರೇ ಅವರ ಅನ್ನ.

ಕದಿರಪ್ಪನಿಗೆ ಮಾತ್ರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎರಡು ದಿನ ನೋಡಿ ಗಂಗುಲಮ್ಮ ಗದರಿದಳು: "ಏನಾಯಿತು ಹೇಳಬಾರದಾ? ಮೂಗನ ಹಂಗೆ ಕೂತರೆ ನಾನೇನು ಮಾಡಲಿ?"

"ನಾನು ಕರೆದೆ ಕಣೇ" ಎಂದ ಅವನು. "ನೆಲ ಹುಡುಕುತ್ತಾ ಇದ್ದರು. ನಾನು ಬನ್ನಿ ಬನ್ನಿ ಅಂತ ವಲ್ಲಿ ಬೀಸಿದೆ. ಆ ಹುಡುಗ ಸರಿ ಅಂತ ಕೈ ಎತ್ತಿದ."

ಗಂಗುಲಮ್ಮ, "ನೀನು ಕರೆದೆಯೋ ಇಲ್ಲವೋ ಆ ಗಂಗಮ್ಮನಿಗೇ ಗೊತ್ತು. ಬಂದಿದ್ದಂತೂ ಆಯಿತಲ್ಲ. ಬಂದವರನ್ನ ಎತ್ತು" ಎಂದಳು. ಕೆರೆಯನ್ನು ಬರಿದು ಮಾಡದೆ ಎತ್ತಲಾಗದು ಎಂಬುದು ಇಬ್ಬರಿಗೂ ತಿಳಿದಿತ್ತು. ಮರುದಿನ ಹೊತ್ತು ಮೂಡುತ್ತಲೇ ಕದಿರಪ್ಪ ತೂಬನ್ನು ಪೂರಾ ಎತ್ತಿ, ಗೂಟವನ್ನು ದಡಕ್ಕೆ ತಂದು ಅದರ ಮೇಲೇ ಕೂತುಬಿಟ್ಟ.

ಕಾಲುವೆ ಉಕ್ಕಿ ಗದ್ದೆ ಬದುಗಳ ಮೇಲೆ ಹರಿದಾಗ ಊರಿಗೆ ಊರೇ ಓಡಿಬಂತು. ಪಟೇಲ ತಮ್ಮೇಗೌಡ ಕೈಯಲ್ಲಿ ದೊಣ್ಣೆ ಹಿಡಿದೇ ಬಂದ. "ತಲೆ ಕೆಟ್ಟಿದೆಯೇನೋ ಕದಿರ? ನಮ್ಮ ಬಾಯಿಗೆ ಮಣ್ಣು ಹಾಕ್ತೀಯಾ? ನಿನಗೇನು, ಗದ್ದೆ ಇಲ್ಲದವನು. ಒಣಗೋದು ನಮ್ಮದು!"

"ನಿಮ್ಮ ಕಣದ ಕಾಳೇ ನನ್ನ ಮಕ್ಕಳ ಊಟ, ಗೌಡರೇ. ನಿಮ್ಮದು ಒಣಗಿದರೆ ನನ್ನ ಮಡಕೆಯೂ ಒಣಗುತ್ತೆ" ಎಂದು ಕದಿರಪ್ಪ ಎದ್ದು ನಿಂತ. ಹೆಂಡತಿಗೆ ಮಾತ್ರ ಹೇಳಿದ್ದನ್ನು ಊರೆದುರಿಗೆ ಹೇಳಿದ. ವಲ್ಲಿಯನ್ನು ಹೇಗೆ ಬೀಸಿದ್ದೆನೆಂದು ಬರಿಗೈಯಲ್ಲೇ ತೋರಿಸಿದ. ಹೊಡೆಯಲೆಂದು ಎತ್ತಿದ್ದ ದೊಣ್ಣೆಯನ್ನು ಪಟೇಲ ಕೆಳಗಿಳಿಸಿದ. ಕೆರೆಯಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದೆ ಇದ್ದದ್ದು ಅವನಿಗೇ. "ಬರಿದಾಗೋಕೆ ಎಷ್ಟು ದಿನ?" ಎಂದು ಕೇಳಿದ. ಒಂಬತ್ತು ದಿನ. "ಪೈರು?" ಕದಿರಪ್ಪ ತಲೆ ತಗ್ಗಿಸಿದ. ಪಟೇಲ ಅವನ ಏಳು ತಲೆಮಾರನ್ನೂ ಬಾಯಿಗೆ ಬಂದಂತೆ ಬೈದ, ಬೈಯುತ್ತಲೇ ಜನರ ಕಡೆ ತಿರುಗಿ, "ಯಾರಿಗೆ ಆ ಗೂಟ ಮುಟ್ಟೋ ಧೈರ್ಯ ಇದೆಯೋ ಮುಟ್ಟಿ. ನನಗಿಲ್ಲ" ಎಂದು ಮನೆಗೆ ನಡೆದುಬಿಟ್ಟ. ಯಾರೂ ಮುಟ್ಟಲಿಲ್ಲ. ಕೆಳಗಿನ ಊರಿನ ಕೆರೆ ಪುಕ್ಕಟೆ ನೀರಿನಲ್ಲಿ ತುಂಬಿ ಕೋಡಿ ಹೋಯಿತು. ಅಲ್ಲಿಯವರು ಗಂಗೆಪೂಜೆ ಮಾಡಿ ಇಲ್ಲಿಗೆ ಬಾಳೆಹಣ್ಣು ಬೇರೆ ಕಳಿಸಿದರಂತೆ, ಹೊಟ್ಟೆ ಉರಿಸೋಕೆ.

ಒಂಬತ್ತನೆಯ ದಿನ ವಿಮಾನ ಪೂರ್ತಿ ಕಾಣಿಸಿತು. ಮೂತಿಯನ್ನು ಕೆಸರಿನಲ್ಲಿ ನೆಟ್ಟುಕೊಂಡು ಒಂದು ಪಕ್ಕಕ್ಕೆ ಒರಗಿತ್ತು, ಸುತ್ತ ಮೀನು ಒದ್ದಾಡುತ್ತಿದ್ದವು. ಆ ಮೀನನ್ನು ಊರಿನ ಒಂದು ನಾಯಿಯೂ ತಿನ್ನಲಿಲ್ಲ ಎನ್ನುತ್ತಾರೆ. ನಾಯಿಯ ವಿಷಯ ಹೇಗೋ ಏನೋ, ಮನುಷ್ಯರಂತೂ ತಿನ್ನಲಿಲ್ಲ. ಸುದ್ದಿ ಮುಟ್ಟಿ ಲಾರಿ ಮತ್ತೆ ಬಂತು. ಕದಿರಪ್ಪನೂ ಹಟ್ಟಿಯವರೂ ಸೈನಿಕರ ಜೊತೆ ಕೆಸರಿಗಿಳಿದು ಒಬ್ಬೊಬ್ಬರನ್ನಾಗಿ ಎತ್ತಿ ದಡಕ್ಕೆ ತಂದರು. ಒಬ್ಬ, ಇಬ್ಬರು, ಮೂವರು, ನಾಲ್ವರು. ಪಟೇಲನ ಮನೆಯಿಂದ ಮಡಿ ಪಂಚೆ ಬಂದವು, ಬಿಳಿಯ ಹುಡುಗರ ಮೇಲೆ ಹೊದಿಸಿದರು. ಆದರೆ ಮೂತಿಯ ಗಾಜು ಒಡೆದು ಹೋಗಿತ್ತು, ಒಳಗಿನ ಜಾಗ ಖಾಲಿ. ಕೈ ಎತ್ತಿದ್ದ ಆ ಹುಡುಗನೇ ಇಲ್ಲ.

ಅಧಿಕಾರಿ ಹೊರಡುವ ಮುಂಚೆ ಕದಿರಪ್ಪ ಗುಮಾಸ್ತನ ಮುಂದೆ ನಿಂತು, "ಸ್ವಾಮಿ, ಒಂದು ಮಾತು ಕೇಳಿ ಹೇಳಿ. ಅವರು ನನ್ನ ಬಟ್ಟೆ ನೋಡಿಕೊಂಡು ಬಂದರಾ?" ಎಂದ. ಗುಮಾಸ್ತ ಕೇಳಿದ. ಅಧಿಕಾರಿ ಕದಿರಪ್ಪನ ಹೆಗಲ ಮೇಲಿನ ಕೆಂಪು ವಲ್ಲಿಯನ್ನು ನೋಡಿದ. ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು! ಒಳ್ಳೆಯವನೇ ಇದ್ದಿರಬೇಕು, ಸುಳ್ಳು ಬರಲಿಲ್ಲ. "ಮೇಲಿನಿಂದ ಬಟ್ಟೆ ಕಾಣುತ್ತದಂತೆ" ಎಂದ ಗುಮಾಸ್ತ. "ಅವರು ನೋಡಿದರೋ ಇಲ್ಲವೋ ಅನ್ನೋದನ್ನ ಅವರೇ ಹೇಳಬೇಕಿತ್ತಂತೆ." ಕದಿರಪ್ಪ ಆ ವಲ್ಲಿಯನ್ನು ತೆಗೆದು ನಾಲ್ಕನೆಯವನ ತಲೆಯಡಿಗೆ ಮಡಚಿ ಇಟ್ಟ. ಅದು ಲಾರಿಯಲ್ಲೇ ಹೋಯಿತು.

ಐದನೆಯವನನ್ನು ಹುಡುಕುವುದಕ್ಕೆ ಮೊದಲ ವಾರ ಊರೆಲ್ಲ ಇಳಿಯಿತು. ಆಮೇಲೆ ಹಟ್ಟಿಯವರಷ್ಟೆ, ಆಮೇಲೆ ಕದಿರಪ್ಪನೊಬ್ಬನೇ. ಸೈನ್ಯದವರು ಎತ್ತುಗಳನ್ನು ಕಟ್ಟಿ ವಿಮಾನದ ತಗಡನ್ನೆಲ್ಲ ಎಳೆಸಿಕೊಂಡು ಹೋದರು. ಗದ್ದೆಯಲ್ಲಿ ಪೈರು ನಿಂತಲ್ಲೇ ಹುಲ್ಲಾಯಿತು, ಮನೆಮನೆಯಲ್ಲೂ ಅಂಬಲಿಗೆ ಬಂತು. ಕದಿರಪ್ಪ ಬಿದಿರಿನ ಗಳ ಹಿಡಿದು ತೂಬಿನ ಮುಂದಿನ ಹೊಂಡದ ಕೆಸರನ್ನು ಮೊಳಮೊಳವೂ ಚುಚ್ಚಿ ನೋಡುತ್ತಿದ್ದ, ತೊಡೆಯವರೆಗೆ ಹೂತುಕೊಂಡು ಕೈಯಿಂದಲೇ ಬಗೆಯುತ್ತಿದ್ದ. ಊಟಕ್ಕೆ ಕರೆದರೆ ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಗಂಗುಲಮ್ಮ ಮುದ್ದೆ ತಂದು ಕೆಸರಿನ ಅಂಚಿನಲ್ಲಿ ನಿಂತು ಅಳುತ್ತಿದ್ದಳು. ಹೀಗೆ ಎರಡೂವರೆ ತಿಂಗಳು ಕಳೆಯಿತು.

ಭರಣಿ ಮಳೆ ಆ ವರ್ಷ ಯಾರೂ ಕಂಡು ಕೇಳದಂತೆ ಸುರಿಯಿತು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಎರಡು ಹಳ್ಳಗಳೂ ಕೆಂಪಗೆ ಇಳಿದು ಬಂದವು. ಕೆರೆಗೆ ಬಂದ ನೀರು ಬಂದ ಹಾಗೆಯೇ ತೆರೆದ ತೂಬಿನಿಂದ ಆಚೆಗೆ ಹೋಗುತ್ತಿತ್ತು. ಜನ ಏರಿಯ ಮೇಲೆ ಸಾಲಾಗಿ ನಿಂತರು. ಕದಿರಪ್ಪ ಮೊಣಕಾಲು ನೀರಿನಲ್ಲಿ ಇನ್ನೂ ಬಗೆಯುತ್ತಲೇ ಇದ್ದ. ತಮ್ಮೇಗೌಡ ಈ ಸಲ ದೊಣ್ಣೆ ತಂದಿರಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಅವನ ಹತ್ತಿರಕ್ಕೆ ಹೋಗಿ ಕೈ ಮುಗಿದ. "ಕದಿರಪ್ಪ" ಎಂದು ಪೂರಾ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. "ನಿನ್ನ ಮಾತಿಗೆ ಒಂದು ಬೆಳೆ ಕೊಟ್ಟೆವಪ್ಪ. ಇನ್ನೊಂದು ಕೇಳಬೇಡ. ತೂಬು ಹಾಕು."

"ಒಳಗೆ ಒಬ್ಬ ಇದ್ದಾನೆ, ಗೌಡರೇ."

"ಇದ್ದಾನೆ. ಏರಿ ಮೇಲೆ ಮುನ್ನೂರು ಜನ ಇದ್ದಾರೆ, ನೋಡು."

ಕದಿರಪ್ಪ ತಲೆಯೆತ್ತಿ ನೋಡಿದ. ಮಳೆಯಲ್ಲಿ ನೆನೆಯುತ್ತ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತೋ ಏನೋ. ಬೇರೆ ಯಾರಾದರೂ ಆ ಗೂಟ ಹಾಕುವಂತಿದ್ದರೂ ಆಗುತ್ತಿತ್ತು, ಕಟ್ಟಳೆಯ ಪ್ರಕಾರ ಆ ಕೈ ಅವನದೇ ಆಗಬೇಕು. ಗೂಟವನ್ನು ತಬ್ಬಿಕೊಂಡು ತಂದು, ತೂಬಿನ ಬಾಯಿಗಿಟ್ಟು, ಮೇಲೆ ತನ್ನ ಭಾರ ಬಿಟ್ಟು ಒತ್ತಿದ. ನೀರಿನ ಸದ್ದು ನಿಂತಿತು. ಆಗ ಅವನು ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ ಎನ್ನುತ್ತಾರೆ. ದಡಕ್ಕೆ ಬಂದ ಮೇಲೆ ಊರವರನ್ನು ಒಂದೇ ಒಂದು ಮಾತು ಬೇಡಿಕೊಂಡ: "ಇನ್ನು ಮೇಲೆ ಇದನ್ನ ದೊಡ್ಡಕೆರೆ ಅನ್ನಬೇಡಿ. ಒಬ್ಬನುಳಿದ ಕೆರೆ ಅನ್ನಿ. ಆ ಹುಡುಗನಿಗೂ ಅಪ್ಪ ಅಮ್ಮ ಇರ್ತಾರೆ. ಎಂದಾದರೂ ಅವನ ಕಡೆಯವರು ಹುಡುಕಿಕೊಂಡು ಈ ಸೀಮೆಗೆ ಬಂದರೆ, ಹೆಸರು ಕೇಳಿದ ಕೂಡಲೆ ಇಲ್ಲೇ ಅಂತ ತಿಳಿಯಲಿ." ಒಂದು ಬೆಳೆ ಕಳೆದುಕೊಂಡಿದ್ದ ಜನ ಆ ಮಾತನ್ನೂ ನಡೆಸಿಕೊಟ್ಟರು. ಅಂದಿನಿಂದ ಕದಿರಪ್ಪ ಸಾಯುವವರೆಗೂ ಏರಿಯ ಮೇಲೆ ನಿಂತು ಬಟ್ಟೆ ಬೀಸಲಿಲ್ಲ. ನೀರು ಬಿಟ್ಟಾಗಲೆಲ್ಲ ಕೊನೆಗದ್ದೆಯವರೆಗೂ ನಡೆದುಹೋಗಿ ಬಾಯಲ್ಲೇ ಹೇಳಿ ಬರುತ್ತಿದ್ದ.

ಹುಡುಗನ ಕಡೆಯವರು ಇಂದಿನವರೆಗೂ ಬಂದಿಲ್ಲ. ಅವರ ಊರಿನವರೆಗೆ ಈ ಹೆಸರು ಮುಟ್ಟಿಸುವವರಾದರೂ ಯಾರು? ಈಗ ನೀರುಗಂಟಿಯಾಗಿರುವವನು ಕದಿರಪ್ಪನ ಮೊಮ್ಮಗ, ಅವನಿಗೂ ತಲೆ ಬೆಳ್ಳಗಾಗಿದೆ. ಕೆರೆ ನೋಡಲು, ಹಕ್ಕಿ ನೋಡಲು ಬೆಂಗಳೂರಿನ ಕಡೆಯಿಂದ ಬರುವವರು ಕಾರು ನಿಲ್ಲಿಸಿ, ದೂರದಿಂದ ಅವನತ್ತ ಕೈ ಬೀಸುವುದುಂಟು. ಅವನು ತಿರುಗಿ ಬೀಸುವುದಿಲ್ಲ. ಆ ಊರಿನವರು ಯಾರೂ ಏರಿಯ ಮೇಲೆ ನಿಂತು ಕೈ ಎತ್ತುವುದಿಲ್ಲ, ಬಂದವರು ಇದೆಂಥ ದುರಹಂಕಾರದ ಜನ ಎಂದುಕೊಳ್ಳುತ್ತಾರೆ. ಅವನು ಎರಡು ಕೈಯನ್ನೂ ಬೆನ್ನಿಗೆ ಕಟ್ಟಿಕೊಂಡು, ಏರಿಯ ಉದ್ದಕ್ಕೂ ನಡೆದು ಹತ್ತಿರಕ್ಕೆ ಬಂದು, ಏದುಸಿರು ಇಳಿಯುವವರೆಗೆ ನಿಂತು, ಎಲ್ಲರಿಗೂ ಒಂದೇ ಮಾತು ಕೇಳುತ್ತಾನೆ: "ಯಾರನ್ನಾದರೂ ಹುಡುಕಿಕೊಂಡು ಬಂದಿರಾ, ಸ್ವಾಮಿ?"