ಹೆಸರು ಕೊಟ್ಟ ರೂಟರ್

೨೦೨೩ರ ಜೂನ್ ೧೨, ಸೋಮವಾರ. ಮೋಡವಿತ್ತು, ಮಳೆ ಬರಲಿಲ್ಲ.

ಪೂರಕ ಪರೀಕ್ಷೆಗೆ ಕೂರುವ ಹನ್ನೊಂದು ಮಕ್ಕಳಿಗೆ ಕುಸುಮಾಕ್ಷಿ ಟೀಚರು ನಾಲ್ಕು ಗಂಟೆಗೆ ಆನ್‌ಲೈನಿನಲ್ಲಿ ಕೊನೆಯ ಗಣಿತ ಪಾಠ ಮಾಡಬೇಕಿತ್ತು. ಕರಿಹಲಗೆ, ಕಂಪ್ಯೂಟರ್ ಎರಡೂ ಮಹಡಿಯಲ್ಲಿದ್ದವು. ಹಜಾರದ ಹೊಸ ರೂಟರಿನ ಸಿಗ್ನಲ್ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವರು ಅಟ್ಟದಿಂದ ಹಳೆಯ ರೂಟರನ್ನು ಇಳಿಸಿ ಮೆಟ್ಟಿಲ ತಿರುವಿನಲ್ಲಿಟ್ಟರು.

"ನಿನ್ನ ಮಾತನ್ನು ನಾನು ಮೇಲಕ್ಕೆ ದಾಟಿಸುತ್ತೇನೆ," ಎಂದಿತು ಹಳೆಯದು, ಹಜಾರದ ಹೊಸದಕ್ಕೆ.

"ದಾಟಿಸಿ ಯಜಮಾನರೇ. ಮನೆಯ ಒಂದೊಂದು ಯಂತ್ರಕ್ಕೂ ವಿಳಾಸ ಹಂಚುವುದು ಮಾತ್ರ ನನಗಿರಲಿ," ಎಂದಿತು ಹೊಸದು.

"ಆರು ವರ್ಷ ಈ ಮನೆಗೆ ವಿಳಾಸ ಹಂಚಿದವನು ನಾನು. ನನಗೇ ಪಾಠವೇ?"

ಹಳೆಯದೂ ಹಂಚತೊಡಗಿತು. ಟಿವಿಗೂ ಕಂಪ್ಯೂಟರಿಗೂ ಒಂದೇ ವಿಳಾಸ ಬಿತ್ತು. ಯಾವ ಮಾತು ಯಾರಿಗೆಂದು ತಿಳಿಯದೆ ಮನೆಯಲ್ಲಿ ಎಲ್ಲವೂ ನಿಂತವು.

"ಈಗ ಕೆಳಗೂ ಸಂಪರ್ಕ ಇಲ್ಲವಾಯಿತು," ಎಂದಿತು ಹೊಸದು. "ಗಂಟೆ ಮೂರೂ ನಲವತ್ತು."

ಹಳೆಯದು ಕೇಳಿತು: "ಪಾಠ ತಲುಪಲೇಬೇಕು. ಏನು ಮಾಡಲಿ?"

"ನೀವು ಎಲ್ಲವನ್ನೂ ಮರೆಯಬೇಕು, ನಿಮ್ಮ ಹೆಸರನ್ನೂ."

"ಸರಿ. ಟೀಚರು ಬರಲಿ."

ಟೀಚರು ಸೆರಗಿನ ಪಿನ್ನನ್ನು ತೆಗೆದು ಹಳೆಯ ರೂಟರಿನ ಬೆನ್ನಿನ ಸಣ್ಣ ರೀಸೆಟ್ ತೂತಿಗೆ ಒತ್ತಿ ಹಿಡಿದರು. ಅದರ ದೀಪಗಳೆಲ್ಲ ಆರಿ ಮತ್ತೆ ಹೊತ್ತಿದವು. ವಿಳಾಸ ಹಂಚದಂತೆ ಮಾಡಿ, ಹಜಾರದ ರೂಟರಿನ ಹೆಸರನ್ನೇ ಅದಕ್ಕೂ ಇಟ್ಟರು.

ನಾಲ್ಕಕ್ಕೆ ಹನ್ನೊಂದು ಮುಖಗಳೂ ತೆರೆಯ ಮೇಲೆ ಬಂದವು.

"ಹಜಾರದಣ್ಣ, ಇವತ್ತು ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿದೆ!" ಎಂದಿತು ಮಹಡಿಯ ಕಂಪ್ಯೂಟರ್. "ಹಿಂದೆ 'ವಸಂತನಿಲಯ' ಎಂಬ ರೂಟರ್ ಇದ್ದರಲ್ಲ, ಅವರೆಲ್ಲಿ?"

"ಪಕ್ಕದಲ್ಲಿರುವವರು ಅವರೇ," ಎಂದಿತು ಹಜಾರದ ರೂಟರ್. "ನಿನ್ನ ಪಾಠಕ್ಕಾಗಿ ಆ ಹೆಸರನ್ನು ಕೊಟ್ಟುಬಿಟ್ಟರು."