ಸಂಕೇತಕಣದ ಕೂಗು

ಬಸ್ ಕಂಡಕ್ಟರ್ ಫಕೀರಪ್ಪನ ಕರುಳಿನ ಗೋಡೆಯ ಮೇಲೆ ಒಂದು ಸಂಕೇತಕಣ ಕಾವಲಿಗಿತ್ತು. ರೋಗಾಣು ಒಳನುಗ್ಗಿದರೆ ಕೂಗಿ ಬಿಳಿ ರಕ್ತಕಣಗಳನ್ನು ಕರೆಯುವುದು ಅದರ ಕೆಲಸ. ಕೂಗು ಕಿವಿಗೆ ಬಿದ್ದ ಕೂಡಲೇ ಅವು ಏನು ಎತ್ತ ಎಂದು ವಿಚಾರಿಸದೆ, ತಾವೂ ಕೂಗುತ್ತಾ ಆಯುಧ ಹಿಡಿದು ಓಡಿಬರಬೇಕು. ಅದು ಅಲ್ಲಿನ ಕಟ್ಟಳೆ.

ಆರು ವರ್ಷ ಬಡಿದಾಡಿ ದಣಿದ ಒಂದು ಬಿಳಿ ರಕ್ತಕಣ ಒಂದು ದಿನ ಕೇಳಿತು: "ಶತ್ರು ಎಲ್ಲಿ? ನಾನಂತೂ ಕಂಡಿಲ್ಲ."

"ನಾನೂ ಕಂಡಿಲ್ಲ," ಎಂದಿತು ಸಂಕೇತಕಣ. "ನೀವು ಕೂಗಿದಿರಿ, ಅದಕ್ಕೇ ನಾನು ಕೂಗಿದೆ."

"ನೀನು ಕೂಗಿದ್ದಕ್ಕಲ್ಲವೇ ನಾವು ಕೂಗಿದ್ದು!"

ಎರಡೂ ಬಾಯಿ ಮುಚ್ಚಿದವು. ಆಗ ಕರುಳಿನ ಗೋಡೆಯ ಕ್ಷೀಣ ದನಿ ಕೇಳಿಸಿತು. "ಆರು ವರ್ಷದ ಹಿಂದೆ ಒಂದು ರೋಗಾಣು ಬಂದಿತ್ತು, ಬಂದ ದಿನವೇ ಸತ್ತಿತು. ಆಮೇಲೆ ನೀವು ಬಡಿದದ್ದೆಲ್ಲ ನನ್ನನ್ನೇ. ಈ ಹುಣ್ಣುಗಳನ್ನು ನೋಡಿ. ಫಕೀರಪ್ಪ ಒಂದು ಟ್ರಿಪ್ಪನ್ನೂ ನೆಮ್ಮದಿಯಾಗಿ ಮುಗಿಸಿಲ್ಲ. ಇನ್ನಾದರೂ ಬಿಡಿ."

ಬಿಳಿ ರಕ್ತಕಣ ಆಯುಧ ಕೆಳಗಿಟ್ಟಿತು. ಸಂಕೇತಕಣಕ್ಕೆ ನಾಚಿಕೆಯಾಯಿತು. "ತಪ್ಪಾಯಿತಮ್ಮಾ. ಈಗಲೇ ಎಲ್ಲರಿಗೂ ತಿಳಿಸುತ್ತೇನೆ," ಎಂದು ಎದೆ ತುಂಬ ಉಸಿರೆಳೆದುಕೊಂಡು ಕೂಗಿತು: "ಶತ್ರು ಇಲ್ಲ! ಯಾರೂ ಬರಬೇಡಿ!"

ಕೂಗು ಕೇಳಿದ್ದೇ ತಡ, ಮೂಲೆಮೂಲೆಯಿಂದ ಬಿಳಿ ರಕ್ತಕಣಗಳು ತಾವೂ ಕೂಗುತ್ತಾ ಆಯುಧ ಹಿಡಿದು ಓಡಿಬಂದವು. ಫಕೀರಪ್ಪ ಹೊಟ್ಟೆ ಹಿಡಿದುಕೊಂಡು ಸೀಟಿ ಊದಿ, ನಡುದಾರಿಯಲ್ಲೇ ಬಸ್ಸು ನಿಲ್ಲಿಸಿದ.

"ಸುಮ್ಮನಿದ್ದಿದ್ದರೆ ಸಾಕಿತ್ತಲ್ಲಪ್ಪಾ," ಎಂದಿತು ಗೋಡೆ.